ನೆಗೆಟಿವ್ ಡಬ್ಬಿಯಿಂದ ಹಾರ್ಡ್ ಡಿಸ್ಕಿನವರೆಗೆ



ಮನೆಯ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಮಗಳ ನಾಮಕರಣದ ಫೋಟೋ, ತಂಗಿಯ ಮದುವೆಯ ವಿಡಿಯೋ, ಊರಿನ ಮನೆಯ ಪತ್ರಗಳ ಸ್ಕ್ಯಾನ್, ಹತ್ತು ವರ್ಷದ ತೆರಿಗೆ ಲೆಕ್ಕ. ಇವೆಲ್ಲ ಇರುವುದು ಒಂದೇ ಒಂದು ಪೆಟ್ಟಿಗೆಯೊಳಗೆ. ಇದರ ನಕಲು ಇಟ್ಟುಕೊಳ್ಳಲು ಯಾವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಅಂಗಡಿಯವರು ತಕ್ಷಣ ಉತ್ತರ ಕೊಡುತ್ತಾರೆ. ನಾನು ಮಾತ್ರ ನಿಮ್ಮನ್ನು ರಿಚ್ಚಿ ಸ್ಟ್ರೀಟಿಗೆ ಕರೆದೊಯ್ಯುವ ಮೊದಲು ನಮ್ಮ ಕೋಡಂಬಾಕ್ಕಮ್ಮಿಗೆ ಒಂದು ಸುತ್ತು ಹಾಕಿಸುತ್ತೇನೆ. ಇರುವ ಒಂದೇ ಪ್ರತಿಯನ್ನು ಕಳೆದುಕೊಳ್ಳುವುದು ಹೇಗೆ ಎಂಬ ಪಾಠ ಇಲ್ಲಿಯಷ್ಟು ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ.

ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಬಹುಕಾಲ ಕನ್ನಡ ಸಿನಿಮಾದ ಊರು ಮದರಾಸೇ ಆಗಿತ್ತು. ಕೋಡಂಬಾಕ್ಕಂ ರೈಲ್ವೆ ಗೇಟು ದಾಟಿದರೆ ವಡಪಳನಿ, ಸಾಲಿಗ್ರಾಮಂ ಕಡೆಗೆ ಸ್ಟುಡಿಯೋಗಳ ಸಾಲು: ಎವಿಎಂ, ವಿಜಯಾ-ವಾಹಿನಿ, ಆಮೇಲೆ ಪ್ರಸಾದ್. ಸೇತುವೆ ಆಗುವ ಮುಂಚೆ ಗೇಟು ಬಿದ್ದಾಗ ನಿಂತ ಕಾರುಗಳೊಳಗೆ ತಾರೆಯರನ್ನು ಇಣುಕಿ ನೋಡಲು ಜನ ಕಾಯುತ್ತಿದ್ದರಂತೆ. 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕನಟರಾದ ರಾಜ್‌ಕುಮಾರ್ ಆ ಮೇಲೆ ವರ್ಷಗಟ್ಟಲೆ ಇಲ್ಲೇ ಸಂಸಾರ ಹೂಡಿದ್ದರು. ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದು ಇದೇ ಊರಿನಲ್ಲಿ. 1964ರಲ್ಲಿ ಕನ್ನಡದ ಮೊದಲ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ'ಯನ್ನು ತೆಗೆದ ಬಿ.ಎಸ್. ರಂಗಾ ಅವರ ವಿಕ್ರಂ ಸ್ಟುಡಿಯೋ ಇದ್ದದ್ದೂ ಮದರಾಸಿನಲ್ಲಿ. ಸಿನಿಮಾ ಒಂದೇ ಅಲ್ಲ, ನೀವು ಚಿಕ್ಕಂದಿನಲ್ಲಿ ಕಾದು ಕುಳಿತು ಓದಿದ ಕನ್ನಡ 'ಚಂದಮಾಮ'ವೂ 1949ರಿಂದ ವಡಪಳನಿಯಿಂದಲೇ ಬರುತ್ತಿತ್ತು. ಅದನ್ನು ನಡೆಸಿದ ನಾಗಿರೆಡ್ಡಿಯವರೇ ವಿಜಯಾ ಸಂಸ್ಥೆಯವರೂ ಹೌದು.

ಚಿತ್ರೀಕರಣ ಮುಗಿದ ಮೇಲೆ ನೆಗೆಟಿವ್ ಎಲ್ಲಿಗೆ ಹೋಗುತ್ತಿತ್ತು? ಲ್ಯಾಬಿಗೆ. ಅಲ್ಲೇ ತೊಳೆದು, ಅಲ್ಲೇ ಪ್ರಿಂಟು ಹಾಕಿ, ಅಲ್ಲೇ ಡಬ್ಬಿಗಳಲ್ಲಿ ತುಂಬಿ ಇಡುತ್ತಿದ್ದರು. ನಿರ್ಮಾಪಕರಿಗೆ ಅದು ಅನುಕೂಲ. ಬೆಂಗಳೂರಿಗೋ ಹುಬ್ಬಳ್ಳಿಗೋ ಹೊಸ ಪ್ರಿಂಟು ಬೇಕೆಂದರೆ ಒಂದು ತಂತಿ ಸಂದೇಶ ಸಾಕು. ಆದರೆ ಈ ಏರ್ಪಾಡಿನಲ್ಲಿ ಒಂದು ವಿಚಿತ್ರವಿತ್ತು. ಎಷ್ಟೋ ಸಲ ಪ್ರಿಂಟುಗಳನ್ನು ಮೂಲ ನೆಗೆಟಿವ್‌ನಿಂದಲೇ ನೇರವಾಗಿ ತೆಗೆಯುತ್ತಿದ್ದರು. ನಡುವೆ ಇನ್ನೊಂದು ನಕಲು ನೆಗೆಟಿವ್ ಮಾಡಿಸಲು ಖರ್ಚು, ಅದಕ್ಕೆ ಯಾರೂ ಮನಸ್ಸು ಮಾಡುತ್ತಿರಲಿಲ್ಲ. ಹೀಗಾಗಿ ಚಿತ್ರ ಗೆದ್ದಷ್ಟೂ ನೆಗೆಟಿವ್ ಯಂತ್ರದಲ್ಲಿ ಓಡಿ ಓಡಿ ಸವೆಯುತ್ತಿತ್ತು, ಗೀಚುತ್ತಿತ್ತು, ಹರಿಯುತ್ತಿತ್ತು. ಸೋತ ಚಿತ್ರದ ನೆಗೆಟಿವ್ ಹೊಸದರಂತೆ ಉಳಿದಿರಬಹುದು, ಜನ ಮೆಚ್ಚಿ ಮೂರು ಸಲ ನೋಡಿದ ಚಿತ್ರದ್ದೇ ಕೆಟ್ಟಿರಬಹುದು. ನಿಮ್ಮ ಕಂಪ್ಯೂಟರಿನಲ್ಲೂ ದಿನಾ ತೆಗೆದು ತಿದ್ದುವ ಕಡತವೇ ಮೊದಲು ಹಾಳಾಗುವುದು ಅಲ್ಲವೇ?

ಇನ್ನು ಫಿಲ್ಮಿನ ಗುಣ ನೋಡಿ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದದ್ದು ನೈಟ್ರೇಟ್ ಫಿಲ್ಮು. ಅದು ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಆಮೇಲೆ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯ ಕಡಿಮೆ, ಆದರೆ ಸೆಕೆ ಮತ್ತು ತೇವ ಸೇರಿದರೆ ಅದು ಒಳಗೊಳಗೇ ಕೊಳೆತು ವಿನೆಗರ್ ವಾಸನೆ ಬೀರುತ್ತದೆ. ಒಂದು ಡಬ್ಬಿಗೆ ಹಿಡಿದರೆ ಪಕ್ಕದ ಡಬ್ಬಿಗಳಿಗೂ ಹರಡುತ್ತದೆ. ಸೆಕೆ ಮತ್ತು ತೇವ! ಮದರಾಸಿನಲ್ಲಿ ಬೇರೇನಿದೆ ಹೇಳಿ?

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತಯಾರಾದದ್ದು ಕೊಲ್ಲಾಪುರದಲ್ಲಿ, ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯನಾಯ್ಡು ನಾಯಕ, ತ್ರಿಪುರಾಂಬ ನಾಯಕಿ, ಆರ್. ನಾಗೇಂದ್ರರಾಯರ ರಾವಣ. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ನಮ್ಮ ಭಾಷೆ ಬೆಳ್ಳಿತೆರೆಯ ಮೇಲೆ ಮೊದಲು ಹೇಗೆ ಮಾತಾಡಿತು ಎಂಬುದನ್ನು ನಾವು ಯಾರೂ ಕೇಳುವ ಹಾಗಿಲ್ಲ. 1931ರ 'ಆಲಂ ಆರಾ'ದ ಕಥೆಯೂ ಅಷ್ಟೇ. ಫಿಲ್ಮಿನಲ್ಲಿರುವ ಬೆಳ್ಳಿಯ ಆಸೆಗೆ ಹಳೆಯ ರೀಲುಗಳನ್ನು ಕರಗಿಸಿ ಮಾರಿದ ಕಾಲ ಅದು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿ ಪಿ.ಕೆ. ನಾಯರ್ ಅವರು ಊರೂರು ಅಲೆದು ರೀಲು ಹುಡುಕುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿತ್ತು. ಅವರು ಕೂಡಿಸಿದ್ದರಲ್ಲೂ ಒಂದು ಪಾಲು ಉಳಿಯಲಿಲ್ಲ. 2003ರ ಜನವರಿ 8ರಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳ ರಾಶಿಯೇ ಸುಟ್ಟುಹೋಯಿತು. ಜೋಪಾನ ಮಾಡಲೆಂದೇ ಇದ್ದ ಜಾಗ ಅದು. ಒಂದೇ ಸೂರಿನ ಕೆಳಗೆ ಇಟ್ಟರೆ ಎಷ್ಟು ಜೋಪಾನ ಮಾಡಿದರೂ ಅಷ್ಟೇ.

ಈಗ ಹಾರ್ಡ್ ಡಿಸ್ಕಿನ ಕಥೆಗೆ ಬರೋಣ. ಅದೂ ಅದೇ ಕಾಲದ ಕೂಸು. ನಮ್ಮ ರೇಡಿಯೋದವರ ಸ್ಪೂಲ್ ಟೇಪಿಗೂ ಅದಕ್ಕೂ ದಾಯಾದಿ ಸಂಬಂಧ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫ್ಲೂಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಸವರಿ ಧ್ವನಿ ಹಿಡಿದರು. ಅದೇ ಕಾಂತದ ಉಪಾಯವನ್ನು ತಟ್ಟೆಯ ಮೇಲೆ ತಂದದ್ದು ಐಬಿಎಂ. ಕರ್ನಾಟಕದ ಏಕೀಕರಣವಾದ 1956ರಲ್ಲೇ, ಎರಡು ತಿಂಗಳು ಮುಂಚೆ ಸೆಪ್ಟೆಂಬರಿನಲ್ಲಿ, ಹಾರ್ಡ್ ಡಿಸ್ಕ್ ಇದ್ದ ಮೊದಲ ಕಂಪ್ಯೂಟರನ್ನು ಅವರು ಪ್ರಕಟಿಸಿದರು. ಎರಡಡಿ ಅಗಲದ 50 ತಟ್ಟೆ, ಒಂದು ಟನ್ನಿಗೂ ಮಿಕ್ಕ ತೂಕ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ನಿಮ್ಮ ಮೊಬೈಲಿನ ಒಂದೇ ಫೋಟೋ ಅದರಲ್ಲಿ ಕಷ್ಟಪಟ್ಟು ಕೂತೀತು. 1980ರಲ್ಲಿ ಸೀಗೇಟ್ ಅಷ್ಟೇ ಜಾಗವನ್ನು ಐದೂಕಾಲು ಇಂಚಿಗೆ ಇಳಿಸಿತು. 2000ದಲ್ಲಿ ಯುಎಸ್‌ಬಿ 2.0 ಬಂದ ಮೇಲೆ ಡಿಸ್ಕು ಕಂಪ್ಯೂಟರಿನ ಹೊಟ್ಟೆಯಿಂದ ಈಚೆ ಬಂದು ಮನೆಮಂದಿಯ ಕೈಗೆ ಸಿಕ್ಕಿತು. 2007ರಲ್ಲಿ ಹಿಟಾಚಿ ಒಂದು ಟೆರಾಬೈಟ್ ಮುಟ್ಟಿಸಿತು.

ಅದೇ 2007ರಲ್ಲಿ ಎರಡು ವರದಿಗಳು ಬಂದವು. ಎರಡನ್ನೂ ನೀವು ತಿಳಿಯಬೇಕು. ಒಂದು ಗೂಗಲ್‌ನವರದು. ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಅವರು ಹೇಳಿದ್ದು: ಮೊದಲ ವರ್ಷ ನೂರಕ್ಕೆ 1.7ರಷ್ಟು ಕೆಟ್ಟರೆ, ಮೂರನೇ ವರ್ಷದ ಡಿಸ್ಕುಗಳಲ್ಲಿ ಅದು 8.6ಕ್ಕೆ ಏರಿತ್ತು. ಜನ ಅಂದುಕೊಂಡಷ್ಟು ಬಿಸಿಯ ಪ್ರಭಾವ ಕಾಣಲಿಲ್ಲ. ಇನ್ನೊಂದು ಹಾಲಿವುಡ್‌ನ ಆಸ್ಕರ್ ಅಕಾಡೆಮಿಯದು. ಒಂದು ಚಿತ್ರದ ಫಿಲ್ಮ್ ಮೂಲಪ್ರತಿ ಕಾಯಲು ವರ್ಷಕ್ಕೆ 1,059 ಡಾಲರ್ ಸಾಕು, ಅದೇ ಡಿಜಿಟಲ್ ಆದರೆ 12,514 ಡಾಲರ್ ಬೇಕು ಎಂದು ಅವರ ಲೆಕ್ಕ. ಯಾಕೆಂದರೆ ಡಿಜಿಟಲ್ ಪ್ರತಿಯನ್ನು ಇಟ್ಟು ಮರೆಯುವ ಹಾಗಿಲ್ಲ, ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸುತ್ತಲೇ ಇರಬೇಕು. ಕೋಡಂಬಾಕ್ಕಮ್ಮಿಗೆ ಈ ಮಾತು ತಡವಾಗಿ ಅರ್ಥವಾಯಿತು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು, ಚಿತ್ರಗಳೆಲ್ಲ ಡಿಜಿಟಲ್ ಆದವು, ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿದ್ದ ಎಷ್ಟೋ ಡಬ್ಬಿಗಳಿಗೆ ವಾರಸುದಾರರೇ ಇಲ್ಲದಂತಾಯಿತು. 2017ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಚೆನ್ನೈಗೆ ಬಂದು ರೀಲು ಜೋಪಾನ ಮಾಡುವುದನ್ನು ಹೇಳಿಕೊಡುವ ಕಮ್ಮಟ ನಡೆಸಿದರು. ನೆಗೆಟಿವ್ ಉಳಿದಿದ್ದರೆ ಏನು ಸಾಧ್ಯ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಗಳಿವೆ: 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟು ಮತ್ತೆ ಥಿಯೇಟರಿಗೆ ಬಂದವು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಈಗ ರಿಚ್ಚಿ ಸ್ಟ್ರೀಟಿಗೆ ಹೋಗೋಣ. ಬೆಲೆ ಇಲ್ಲಿ ಬರೆಯುವುದಿಲ್ಲ, ಈ ಪತ್ರ ನಿಮ್ಮ ಕೈಸೇರುವುದರೊಳಗೆ ಬದಲಾಗಿರುತ್ತದೆ. ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ತುಂಬಿದೆ ನೋಡಿ, ಅದರ ಎರಡರಷ್ಟು ಕೊಳ್ಳಿ. ಒಂದು ಟೆರಾಬೈಟ್ ತಂದು ಜೋಡಿಸಿದಾಗ 931 ಗಿಗಾಬೈಟ್ ಎಂದು ತೋರಿಸಿದರೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಎರಡೂವರೆ ಇಂಚಿನ ಚಿಕ್ಕ ಡಿಸ್ಕು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುತ್ತದೆ, ಮೂರೂವರೆ ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು. ಮನೆ ಬಳಕೆಗೆ ಚಿಕ್ಕದೇ ಸಾಕು, ಕೆಳಗೆ ಮಾತ್ರ ಬೀಳಿಸಬೇಡಿ. ಎಸ್‌ಎಸ್‌ಡಿ ವೇಗ ಹೆಚ್ಚು, ಬಿದ್ದರೂ ತಡೆಯುತ್ತದೆ. ಆದರೆ ಬೀರುವಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ನಾನು ಅದನ್ನು ಹೇಳುವುದಿಲ್ಲ. ಬರೆಯುವ ಆಯಸ್ಸು ಮುಗಿಸಿದ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು ಎನ್ನುತ್ತದೆ ಉದ್ಯಮದ ಮಾನದಂಡ. ನಮ್ಮ ಮೇ ತಿಂಗಳು 30ಕ್ಕೆ ನಿಲ್ಲುತ್ತದೆಯೇ? ಇನ್ನು ಹೆಸರೇ ಕೇಳದ ಕಂಪನಿಯ 16 ಟೆರಾಬೈಟ್ ಡಿಸ್ಕು ಸಾವಿರ ಚಿಲ್ಲರೆಗೆ ಸಿಕ್ಕರೆ ಮುಟ್ಟಬೇಡಿ, ಒಳಗೆ ಸಣ್ಣ ಮೆಮರಿ ಕಾರ್ಡು ಇಟ್ಟು ದೊಡ್ಡ ಸಂಖ್ಯೆ ತೋರಿಸುವ ಮೋಸ ಅದು. ವಾರಂಟಿ ಎಂದರೆ ಕೆಟ್ಟ ಡಿಸ್ಕಿಗೆ ಬದಲು ಡಿಸ್ಕು ಕೊಡುತ್ತಾರೆ. ಒಳಗಿದ್ದ ಫೋಟೋಗಳಿಗೆ ಯಾರೂ ಜವಾಬ್ದಾರರಲ್ಲ.

ಡಿಸ್ಕಿಗೆ ಎಲ್ಲವನ್ನೂ ಸಾಗಿಸಿ ಕಂಪ್ಯೂಟರಿನಿಂದ ಅಳಿಸಿಬಿಡುವವರು ಬಹಳ ಜನ ಇದ್ದಾರೆ. ಅದು ನಕಲಲ್ಲ, ಮೂಲವನ್ನೇ ಜಾಗ ಬದಲಿಸಿದ್ದು. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಲೆಕ್ಕ ಒಳ್ಳೆಯದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ. 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ 1998ರಲ್ಲಿ ಯಾರೋ ಕೊಟ್ಟ ತಪ್ಪು ಆಜ್ಞೆಯಿಂದ ಚಿತ್ರವೇ ಅಳಿಸತೊಡಗಿತು, ನೋಡಿದರೆ ಬ್ಯಾಕಪ್ಪೂ ಸರಿಯಿರಲಿಲ್ಲ. ಮಗುವಾಗಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು.

2015ರ ಡಿಸೆಂಬರ್ 1ರ ರಾತ್ರಿಯನ್ನು ಚೆನ್ನೈನಲ್ಲಿದ್ದವರಿಗೆ ನೆನಪಿಸಬೇಕಿಲ್ಲ. ಚೆಂಬರಂಬಾಕ್ಕಂ ಕೆರೆಯ ನೀರು ಅಡ್ಯಾರ್ ನದಿಯಲ್ಲಿ ಉಕ್ಕಿ ಸೈದಾಪೇಟೆ, ಜಾಫರ್‌ಖಾನ್‌ಪೇಟೆ, ಕೋಟ್ಟೂರ್‌ಪುರಂ ಮನೆಗಳ ಒಳಗೆ ನುಗ್ಗಿತು. ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ, ಬ್ಯಾಕಪ್ ಡಿಸ್ಕು ಅದೇ ಮೇಜಿನ ಕೆಳಖಾನೆಯಲ್ಲಿ ಇದ್ದ ಮನೆಗಳಲ್ಲಿ ಎರಡೂ ಒಟ್ಟಿಗೆ ಮುಳುಗಿದವು. ಆದ್ದರಿಂದ ಎರಡು ಡಿಸ್ಕು ಕೊಳ್ಳಿ, ಸಾಧ್ಯವಾದರೆ ಬೇರೆ ಬೇರೆ ಕಂಪನಿಯದು. ಒಂದು ಮನೆಯಲ್ಲಿ ಮೇಲಿನ ಅಟ್ಟದಲ್ಲಿರಲಿ, ಕೆಲಸ ಮುಗಿದ ಮೇಲೆ ತಂತಿ ಕಿತ್ತಿಡಿ. 2017ರ ಮೇನಲ್ಲಿ ಹರಡಿದ ವಾನಾಕ್ರೈ ಬಗೆಯ ವೈರಸ್ಸು ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಇನ್ನೊಂದನ್ನು ಬೆಂಗಳೂರಿನ ಅಕ್ಕನ ಮನೆಯಲ್ಲೋ ಮೈಸೂರಿನ ಮಾವನ ಮನೆಯಲ್ಲೋ ಇಡಿ. ದಸರೆಗೋ ಯುಗಾದಿಗೋ ಹೇಗೂ ಹೋಗುತ್ತೀರಿ, ಆಗ ಹೊಸದನ್ನು ಒಯ್ದು ಹಳೆಯದನ್ನು ತನ್ನಿ. ತಂದ ದಿನವೇ ಜೋಡಿಸಿ ನಾಲ್ಕು ಫೋಟೋ, ಒಂದು ವಿಡಿಯೋ ತೆರೆದು ನೋಡಿ. ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ ಕೊಂಡ ವರ್ಷ ಬರೆದಿಡಿ, ಐದನೇ ವರ್ಷ ಬಂದರೆ ಇನ್ನೊಂದಕ್ಕೆ ದುಡ್ಡು ತೆಗೆದಿಡಿ.