ಉಮ್ಮತ್ತಿಯ ಹೊಗೆಯಿಂದ ಔಷಧದ ಮಂಜಿನವರೆಗೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೊರಟವರಿಗೆ ಬೀಳುಬಿದ್ದ ಹೊಲದ ಬದಿಯಲ್ಲಿ ಉಮ್ಮತ್ತಿಯ ಗಿಡ ಕಣ್ಣಿಗೆ ಬೀಳುವುದು ಅಪರೂಪವೇನೂ ಅಲ್ಲ. ಮುಳ್ಳುಕಾಯಿಯ, ತುತ್ತೂರಿಯಂಥ ಹೂವಿನ ಈ ಗಿಡ ಶಿವಪೂಜೆಗೆ ಒದಗುತ್ತದೆ; ಮಿಕ್ಕಂತೆ ಅದನ್ನು ವಿಷವೆಂದು ದೂರವಿಡುವವರೇ ಹೆಚ್ಚು. ಆದರೂ ಗೂರಲು ರೋಗದ ಚಿಕಿತ್ಸೆಯ ಚರಿತ್ರೆಯನ್ನು ಹೇಳಹೊರಟರೆ ಈ ಕಳೆಯನ್ನು ಬಿಟ್ಟು ಹೇಳುವಂತಿಲ್ಲ.

ಗೂರಲು, ಉಬ್ಬಸ, ದಮ್ಮು ಎಂದು ನಾವು ಕರೆಯುವುದನ್ನು ಚರಕಸಂಹಿತೆ ತಮಕಶ್ವಾಸ ಎಂದಿದೆ. ಮಲಗಿದರೆ ಉಸಿರು ಕಟ್ಟುತ್ತದೆ, ಕುಳಿತರೆ ತುಸು ಹಾಯೆನಿಸುತ್ತದೆ, ಮೋಡ ಕವಿದಾಗ ಹೆಚ್ಚುತ್ತದೆ ಎಂಬ ಅಲ್ಲಿನ ವರ್ಣನೆ ಇಂದಿಗೂ ಸರಿಯೇ. ಮೋಡಕ್ಕಿಂತ ಧೂಳು ಹೆಚ್ಚಾದ ನಮ್ಮ ಸೀಮೆಯಲ್ಲಿ ಶೇಂಗಾ ಒಕ್ಕುವಾಗ ಏಳುವ ದೂಳು, ಕಂಬಳಿಯ ಉಣ್ಣೆಯ ಎಳೆ, ಒಲೆಯ ಹೊಗೆ ಇವೂ ರೋಗಿಯನ್ನು ಕೆಣಕುತ್ತವೆ.

ಶ್ರೀರಂಗಪಟ್ಟಣ ಬಿದ್ದು ಮೂರು ವರ್ಷವಾಗಿತ್ತು. ಉಮ್ಮತ್ತಿಯನ್ನು ಸುಟ್ಟು ಅದರ ಹೊಗೆ ಸೇದುವ ಈ ನಾಡಿನ ರೂಢಿಯನ್ನು ಮದರಾಸಿನಲ್ಲಿದ್ದ ವೈದ್ಯ ಜೇಮ್ಸ್ ಆಂಡರ್ಸನ್ ಅವರಿಂದ ಅರಿತು, ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಬ್ರಿಟನ್ನಿಗೆ ಕೊಂಡೊಯ್ದನು. ಅಲ್ಲಿ ಅದು ಎಷ್ಟು ಜನಪ್ರಿಯವಾಯಿತೆಂದರೆ, ಗೂರಲಿಗೆಂದೇ ಸಿಗರೇಟುಗಳು ಅಂಗಡಿಗೆ ಬಂದವು! ಉಸಿರ್ನಾಳದ ಸ್ನಾಯುಗಳನ್ನು ಬಿಗಿಯುವ ನರದ ಆಜ್ಞೆಯನ್ನು ಉಮ್ಮತ್ತಿಯ ಸತ್ವ ತಡೆಯುತ್ತದೆ. ದೋಷವೆಂದರೆ ಅಳತೆಯಿಲ್ಲ. ಒಂದು ಗಿಡದಲ್ಲಿ ಸತ್ವ ಹೆಚ್ಚು, ಇನ್ನೊಂದರಲ್ಲಿ ಕಡಮೆ. ಮಾತ್ರೆ ಮೀರಿದರೆ ಬಾಯಿ ಒಣಗಿ, ಬುದ್ಧಿ ಭ್ರಮಿಸಿ, ಪ್ರಾಣಕ್ಕೂ ಸಂಚಕಾರ. ಇಂದು ಯಾರೂ ಇದನ್ನು ಮನೆಯಲ್ಲಿ ಪರೀಕ್ಷಿಸಹೋಗಬಾರದು.

ಅಳತೆಗೆ ಒಳಪಡಿಸುವ ಕೆಲಸ ಬೇರೆ ದಾರಿಯಲ್ಲಿ ನಡೆದಿತ್ತು. 1858ರಲ್ಲಿ ಪ್ಯಾರಿಸ್ಸಿನ ಸೇಲ್ ಜಿರೋಂ ದ್ರವವನ್ನು ಹನಿಹನಿಯಾಗಿ ಒಡೆಯುವ ಕೈಪಂಪನ್ನು ತೋರಿಸಿದನು. 1901ರ ಹೊತ್ತಿಗೆ ಜಪಾನಿನ ತಕಮಿನೆ ಅಡ್ರಿನಲಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದನು. ಇವೆರಡೂ ಕೂಡಿದಾಗ, ರಬ್ಬರಿನ ಗುಂಡನ್ನು ಹಿಸುಕಿ ಗಾಜಿನ ಕೊಳವೆಯಿಂದ ಔಷಧದ ಮಂಜನ್ನು ಎಳೆದುಕೊಳ್ಳುವ ಕಾಲ ಬಂತು. ಎದೆ ಸಡಿಲವಾಗುತ್ತಿತ್ತು, ಜೊತೆಗೆ ಗುಂಡಿಗೆ ಡವಗುಟ್ಟುತ್ತಿತ್ತು. 1956ರಲ್ಲಿ ಅಳತೆಯ ಸಿಂಪಡಿಕೆಯ ಪುಟ್ಟ ಇನ್‌ಹೇಲರ್ ಬಂತು. ಗುಂಡಿಗೆಯನ್ನು ಅಷ್ಟಾಗಿ ಕಾಡದ ಸಾಲ್ಬುಟಮಾಲ್ ಬಂದದ್ದು 1960ರ ದಶಕದ ಕೊನೆಗೆ. ಅನಂತರ ಬಂದ ಇಪ್ರಾಟ್ರೋಪಿಯಂ ಮಾತ್ರ ನಮ್ಮ ಉಮ್ಮತ್ತಿಯ ದೂರದ ಬಂಧು. ಅದನ್ನು ಅಟ್ರೋಪಿನ್ನಿನಿಂದಲೇ ರೂಪಿಸಿದ್ದಾರೆ. ಇಂದು ಆಸ್ಪತ್ರೆಯಲ್ಲಿ ಮುಖಕವಚ ಹಾಕಿ ಹಿಡಿಸುವ ಮಂಜಿನಲ್ಲಿ ಸಾಲ್ಬುಟಮಾಲ್ ಇರುತ್ತದೆ, ತೀವ್ರವಾದಾಗ ಇಪ್ರಾಟ್ರೋಪಿಯಮ್ಮೂ ಸೇರುತ್ತದೆ. ಸಾಮಾನ್ಯವಾಗಿ 2.5 ಮಿಲಿಗ್ರಾಂ ಸಾಲ್ಬುಟಮಾಲ್, ಹತ್ತು ಹದಿನೈದು ನಿಮಿಷದ ಕೆಲಸ.

ಈ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವುಂಟು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಐಸೊಪ್ರಿನಲಿನ್ ಎಂಬ ಔಷಧದ ಬಲವಾದ ಸಿಂಪಡಿಕೆ ಹರಡಿತು. ಅದೇ ವರ್ಷಗಳಲ್ಲಿ ಗೂರಲಿನಿಂದ ಸತ್ತವರ ಸಂಖ್ಯೆಯೂ ಏರಿತು. ಕಾರಣದ ಬಗೆಗೆ ಪಂಡಿತರು ಇನ್ನೂ ವಾದಿಸುತ್ತಾರೆ. ಆದರೆ ತಾತ್ಕಾಲಿಕ ಉಪಶಮನವನ್ನೇ ನೆಚ್ಚಿ ವೈದ್ಯರ ಬಳಿಗೆ ತಡವಾಗಿ ಹೋದವರಿದ್ದರೆಂಬುದು ಆ ವಾದದ ಒಂದು ಪಕ್ಷ. ಮಂಜು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಉಸಿರ್ನಾಳದ ಊತವನ್ನು ಇಳಿಸುವುದಿಲ್ಲ. ಊತಕ್ಕೆ ಬೇಕಾದದ್ದು ಸೇದುವ ಸ್ಟಿರಾಯ್ಡ್. ವಯಸ್ಕರಿಗೆ ಬರೀ ಉಪಶಮನದ ಔಷಧ ಸಾಲದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು.

ನಮ್ಮಲ್ಲಿ ಇನ್‌ಹೇಲರ್ ಹಿಡಿದರೆ ಚಟ ಅಂಟುತ್ತದೆಂಬ ಭಯ, ಮಂಜಿನ ಯಂತ್ರವೆಂದರೆ ಮಹಾಚಿಕಿತ್ಸೆಯೆಂಬ ನಂಬಿಕೆ, ಎರಡೂ ಒಟ್ಟಿಗೆ ಇವೆ. ಎರಡೂ ತಪ್ಪು. ಅತಿ ತೀವ್ರವಲ್ಲದ ಉಬ್ಬಸಕ್ಕೆ ಸ್ಪೇಸರ್ ಎಂಬ ಟೊಳ್ಳು ಡಬ್ಬಿಯ ಮೂಲಕ ಸೇದಿದ ಇನ್‌ಹೇಲರ್ ಯಂತ್ರದಷ್ಟೇ ಕೆಲಸ ಮಾಡುತ್ತದೆ. ಕರೆಂಟ್ ಹೋದ ಹಳ್ಳಿಯಲ್ಲೂ ಮಾಡುತ್ತದೆ. ಒಂದು ಸಲ ಮಂಜು ಹಿಡಿಸಿದ ಮೇಲೂ ರೋಗಿ ಒಂದು ವಾಕ್ಯವನ್ನು ಪೂರ್ತಿ ಆಡಲಾರದೆ ಏದುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.