ಜಪಾನಿನ ಎಚಿಗೊ ಸೀಮೆಯಲ್ಲಿ ಹಿಮಪಾತವೂ ಸಮಾಜವೂ

ಹಿಮವೆಂದೊಡನೆ ಕನ್ನಡ ವಾಚಕನ ಮನಸ್ಸಿಗೆ ಮೊದಲು ಹೊಳೆಯುವುದು ದೂರದ ಗಿರಿಶಿಖರಗಳ ಚಿತ್ರ. ನಮ್ಮ ಆಡುಮಾತಿನ 'ಮಂಜು' ಎಂಬ ಒಂದೇ ಶಬ್ದವು ಬೆಳಗಿನ ಕಾವಳವನ್ನೂ ಹುಲ್ಲಿನ ಮೇಲಣ ಇಬ್ಬನಿಯನ್ನೂ ಆಕಾಶದಿಂದ ಬೀಳುವ ಹಿಮವನ್ನೂ ಸೂಚಿಸುವುದುಂಟು. ಹಿಮಕ್ಕೆ ತೂಕವಿದೆ, ಅದು ಸೂರನ್ನು ಮುರಿಯಬಲ್ಲುದು, ದಿನದಿನವೂ ಅದನ್ನು ಎತ್ತಿ ಹಾಕದಿದ್ದರೆ ಬಾಗಿಲು ತೆರೆಯುವುದೇ ಅಸಾಧ್ಯವಾದೀತು ಎಂಬ ಅನುಭವ ನಮಗಿಲ್ಲ. ಆದಕಾರಣ ಹಿಮಪಾತವನ್ನು ಪ್ರಕೃತಿವರ್ಣನೆಯ ವಿಷಯವೆಂದು ನಾವು ಭಾವಿಸುವೆವೇ ಹೊರತು ಚರಿತ್ರೆಯ ವಿಷಯವೆಂದು ಭಾವಿಸುವುದು ವಿರಳ. ಜಪಾನಿನ ಪಶ್ಚಿಮ ಕರಾವಳಿಯ ಎಚಿಗೊ ಸೀಮೆ, ಎಂದರೆ ಇಂದಿನ ನೀಗಾತ ಪ್ರಾಂತ, ಈ ಭಾವನೆಯನ್ನು ತಿದ್ದುವುದಕ್ಕೆ ಯೋಗ್ಯವಾದ ಉದಾಹರಣೆ. ಅಲ್ಲಿನ ಜನರು ಹಿಮವನ್ನು ಹೇಗೆ ಎದುರಿಸಿದರು ಎಂಬುದಷ್ಟೇ ಅಲ್ಲದೆ, ಆ ಹೊರೆಯನ್ನು ಯಾರು ಹೊರತಕ್ಕದ್ದು ಎಂಬ ಪ್ರಶ್ನೆ ಅಲ್ಲಿ ಕಾಲಕಾಲಕ್ಕೆ ಯಾವ ರೂಪವನ್ನು ತಾಳಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಭೂಗೋಳದ ಸ್ಥಿತಿಯನ್ನು ತಿಳಿಯಬೇಕು. ಎಚಿಗೊ ಸೀಮೆಯು ಧ್ರುವಪ್ರದೇಶಕ್ಕೆ ಸಮೀಪದ್ದಲ್ಲ. ಅದರ ಹಳೆಯ ಕೋಟೆಪಟ್ಟಣವಾದ ತಕಾದವು ಉತ್ತರ ಅಕ್ಷಾಂಶ 37ರ ಸುಮಾರಿಗೆ, ಯೂರೋಪಿನ ಸಿಸಿಲಿ ದ್ವೀಪದ ನೇರದಲ್ಲಿದೆ. ಚಳಿಗಾಲದಲ್ಲಿ ಸೈಬೀರಿಯದಿಂದ ಬೀಸುವ ಶುಷ್ಕವೂ ಅತಿಶೀತವೂ ಆದ ಗಾಳಿಯು ಜಪಾನ್ ಸಮುದ್ರವನ್ನು ದಾಟುತ್ತದೆ. ತ್ಸುಷಿಮ ಎಂಬ ಬೆಚ್ಚನೆಯ ಪ್ರವಾಹವಿರುವ ಆ ಸಮುದ್ರದಿಂದ ಗಾಳಿಯು ತೇವವನ್ನು ಹೀರಿಕೊಂಡು, ದ್ವೀಪದ ನಡುವೆ ಗೋಡೆಯಂತೆ ನಿಂತ ಪರ್ವತಶ್ರೇಣಿಗೆ ತಾಗಿ ಮೇಲೇರಿ, ಆ ತೇವವನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಪರ್ವತದ ಆಚೆಗಿರುವ ಎದೊ, ಎಂದರೆ ಇಂದಿನ ಟೋಕಿಯೊ, ಅದೇ ದಿನಗಳಲ್ಲಿ ಒಣಹವೆಯನ್ನೂ ನಿರ್ಮಲವಾದ ಬಿಸಿಲನ್ನೂ ಅನುಭವಿಸುತ್ತದೆ. ಒಂದೇ ಗಾಳಿ ಒಂದು ಬದಿಗೆ ಬಿಸಿಲನ್ನೂ ಇನ್ನೊಂದು ಬದಿಗೆ ಹಿಮವನ್ನೂ ಹಂಚುವ ಈ ವೈಷಮ್ಯವು ಮುಂದಿನ ಕಥನಕ್ಕೆಲ್ಲ ಹಿನ್ನೆಲೆಯಾಗಿದೆ.

ಸಮುದ್ರದ ಸಾಮೀಪ್ಯದಿಂದ ಎಚಿಗೊದ ಹಿಮವು ಒದ್ದೆಯಾದದ್ದು, ಭಾರವಾದದ್ದು. ಹೊಸದಾಗಿ ಬಿದ್ದ ಹಿಮ ಹಗುರವಾಗಿದ್ದರೂ ಕೆಲವು ದಿನಗಳಲ್ಲಿ ಅದು ಕುಸಿದು ಗಟ್ಟಿಯಾಗುತ್ತದೆ; ಆಗ ಒಂದು ಘನಮೀಟರಿನ ತೂಕ ಸುಮಾರು 300 ಕಿಲೋಗ್ರಾಂ ಇಲ್ಲವೆ ಅದಕ್ಕೂ ಹೆಚ್ಚು. ತಕಾದದಲ್ಲಿ 1945ರ ಫೆಬ್ರವರಿ 26ರಂದು ನೆಲದ ಮೇಲೆ 377 ಸೆಂಟಿಮೀಟರು ಹಿಮ ನಿಂತಿತ್ತು. ಮಾಡಿನ ಮೇಲೆ ಅದರ ಅರ್ಧದಷ್ಟು ಮಾತ್ರ ನಿಂತಿತೆಂದು ಎಣಿಸಿದರೂ ಪ್ರತಿಯೊಂದು ಚದರಮೀಟರಿನ ಮೇಲೆ ಅರ್ಧ ಟನ್ನಿಗೆ ಮೀರಿದ ಭಾರ ಬಿದ್ದಂತಾಯಿತು. ಮನೆ ಉಳಿಯಬೇಕಾದರೆ ಯಾರಾದರೊಬ್ಬರು ಮಾಡನ್ನು ಹತ್ತಲೇಬೇಕು.

ಈ ಬದುಕನ್ನು ಮೊದಲು ವಿಸ್ತಾರವಾಗಿ ಬರೆದಿಟ್ಟವನು ಸುಜುಕಿ ಬೊಕುಷಿ (1770-1842). ಅವನು ಷಿಯೊಜಾವ ಎಂಬ ಊರಿನ ವರ್ತಕ. ಆ ಸೀಮೆಯ ಹೆಸರಾಂತ ನಾರುಬಟ್ಟೆಯ ವ್ಯಾಪಾರ ಅವನ ಮನೆತನದ ವೃತ್ತಿ. ತಾರುಣ್ಯದಲ್ಲಿ ಬಟ್ಟೆ ಮಾರಲು ಎದೊ ನಗರಕ್ಕೆ ಹೋದಾಗ, ತನ್ನ ಸೀಮೆಯ ಹಿಮದ ಪ್ರಮಾಣವನ್ನು ಅಲ್ಲಿನವರು ಸ್ವಲ್ಪವೂ ಅರಿಯರೆಂಬುದು ಅವನ ಗಮನಕ್ಕೆ ಬಂದಿತು. ಅದನ್ನು ಗ್ರಂಥರೂಪದಲ್ಲಿ ತಿಳಿಸಬೇಕೆಂಬ ಸಂಕಲ್ಪ ನೆರವೇರಲು ಹಲವು ದಶಕಗಳು ಹಿಡಿದವು. ರಾಜಧಾನಿಯ ಪ್ರಸಿದ್ಧ ಲೇಖಕರಾದ ಸಾಂತೊ ಕ್ಯೋದೆನ್, ತಕಿಜಾವ ಬಾಕಿನ್ ಮೊದಲಾದವರ ನೆರವನ್ನು ಅವನು ಕೋರಿದನು. ಒಂದಲ್ಲ ಒಂದು ಕಾರಣದಿಂದ ಕಾರ್ಯ ಕೈಗೂಡಲಿಲ್ಲ. ಕಡೆಗೆ ಕ್ಯೋದೆನ್‌ನ ತಮ್ಮನಾದ ಸಾಂತೊ ಕ್ಯೋಜಾನ್‌ನ ಸಹಾಯದಿಂದ 'ಹೊಕುಎತ್ಸು ಸೆಪ್ಪು' ಎಂಬ ಗ್ರಂಥದ ಮೊದಲ ಭಾಗ 1837ರಲ್ಲಿ ಪ್ರಕಟವಾಯಿತು. ಗ್ರಂಥಕರ್ತನಿಗೆ ಆಗ ಅರುವತ್ತೇಳು ವರ್ಷ. ಪುಸ್ತಕಕ್ಕೆ ರಾಜಧಾನಿಯಲ್ಲಿ ಅಪಾರವಾದ ಆದರ ದೊರೆಯಿತು.

ಈ ಗ್ರಂಥವನ್ನು ವಿಚಿತ್ರ ವೃತ್ತಾಂತಗಳ ಸಂಗ್ರಹವೆಂದು ಮಾತ್ರ ಓದಿದವರು ಅದರ ಮುಖ್ಯವಾದ ಧ್ವನಿಯನ್ನು ಗುರುತಿಸಲಾರರು. ತೆಳುವಾಗಿ ಹಿಮ ಬೀಳುವ ನಾಡಿನವರು ಅದನ್ನು ನೋಡಿ ಆನಂದಪಡುತ್ತಾರೆ, ಪಾನಗೋಷ್ಠಿ ನಡೆಸುತ್ತಾರೆ, ಪದ್ಯ ಕಟ್ಟುತ್ತಾರೆ. ಎಚಿಗೊದವನಿಗಾದರೋ ಮೊದಲ ಹಿಮ ಕಂಡೊಡನೆ ಮನಸ್ಸು ಕುಗ್ಗುತ್ತದೆ ಎಂಬುದು ಬೊಕುಷಿಯು ಮತ್ತೆ ಮತ್ತೆ ತರುವ ಹೋಲಿಕೆ. ಅವನ ಸೀಮೆಯಲ್ಲಿ ಹಿಮವನ್ನು ಗುಡಿಸುವುದೆಂಬ ಮಾತಿಲ್ಲ, ಅಗೆಯುವುದೆಂಬ ಮಾತೇ ಬಳಕೆಯಲ್ಲಿತ್ತು. ಅದಕ್ಕೆ ಬೀಚ್ ಮರದ ಸಲಿಕೆ ಪ್ರತಿಯೊಂದು ಮನೆಯಲ್ಲಿಯೂ ಇರುತ್ತಿತ್ತು. ಶರತ್ಕಾಲದಲ್ಲಿಯೇ ಮನೆಯ ಸುತ್ತ ಹಲಗೆ, ಜೊಂಡು, ಚಾಪೆಗಳ ತಡಿಕೆ ಕಟ್ಟುವುದು, ಸೌದೆಯನ್ನೂ ಧಾನ್ಯವನ್ನೂ ಒಳಗೆ ಕೂಡಿಡುವುದು, ಹುಲ್ಲಿನ ಪಾದರಕ್ಷೆಗಳನ್ನೂ ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವ ಬಳ್ಳಿಯ ಬಳೆಗಳನ್ನೂ ಸಿದ್ಧಪಡಿಸುವುದು ಇವೆಲ್ಲವೂ ಕುಟುಂಬದ ಕರ್ತವ್ಯ. ಮಾಡುಗಳಿಂದ ಇಳಿಸಿದ ಹಿಮ ಬೀದಿಯಲ್ಲಿ ಮನೆಗಿಂತ ಎತ್ತರವಾಗಿ ರಾಶಿಬಿದ್ದಾಗ, ಎದುರು ಸಾಲಿಗೆ ಹೋಗುವುದಕ್ಕೆ ಆ ರಾಶಿಯೊಳಗೆ ಸುರಂಗವನ್ನು ಕೊರೆಯುತ್ತಿದ್ದರು.

ಪಟ್ಟಣಗಳಲ್ಲಿ ಕುಟುಂಬದ ಶ್ರಮವೊಂದೇ ಸಾಲದಾಯಿತು. ಅದಕ್ಕೆ ಸಾಕ್ಷಿ 'ಗಾಂಗಿ' ಎಂಬ ಏರ್ಪಾಡು. ತಕಾದ ಕೋಟೆಯನ್ನು 1614ರಲ್ಲಿ ಕಟ್ಟಲಾಯಿತು. ಅದರ ಸುತ್ತ ಬೆಳೆದ ಪೇಟೆಯಲ್ಲಿ ಪ್ರತಿಯೊಬ್ಬ ಮನೆಯವನೂ ಬೀದಿಯ ಕಡೆಗೆ ತನ್ನ ಸೂರನ್ನು ಮುಂದಕ್ಕೆ ಚಾಚಿ, ಅದರ ಕೆಳಗಣ ನೆಲವನ್ನು ದಾರಿಹೋಕರಿಗೆ ಬಿಟ್ಟುಕೊಡುವ ಪದ್ಧತಿ ಬೆಳೆಯಿತು. ಬೀದಿ ಹಿಮದಲ್ಲಿ ಮುಳುಗಿದರೂ ಈ ಸೂರಿನ ಸಾಲಿನ ಕೆಳಗೆ ಜನಸಂಚಾರ ನಿಲ್ಲುತ್ತಿರಲಿಲ್ಲ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಬಹುಮಟ್ಟಿಗೆ ಈ ನೆಲ ಸರಕಾರದ್ದಲ್ಲ, ಮನೆಯವರ ಸ್ವಂತದ್ದು, ಕಂಬವನ್ನೂ ಸೂರನ್ನೂ ದುರಸ್ತಿಯಲ್ಲಿಡುವ ಖರ್ಚೂ ಅವರದೇ. ನಡುವೆ ಒಬ್ಬನು ತನ್ನ ಸೂರನ್ನು ಕಿತ್ತರೆ ಇಡೀ ಸಾಲು ತುಂಡಾಗುತ್ತದೆ. ತನ್ನ ನೆಲವನ್ನು ಬಿಟ್ಟುಕೊಟ್ಟವನಿಗೆ ಇಡೀ ಊರಿನ ನೆಲದ ಮೇಲೆ ನಡೆಯುವ ಹಕ್ಕು ಲಭಿಸುತ್ತದೆ ಎಂಬ ಪರಸ್ಪರ ನಂಬಿಕೆಯೇ ಇದರ ಆಧಾರ. ತಕಾದದಲ್ಲಿ ಇಂದಿಗೂ ಹಲವು ಕಿಲೋಮೀಟರುಗಳಷ್ಟು ಗಾಂಗಿ ಉಳಿದಿದೆ.

ಹಿಮದಿಂದ ಪ್ರಯೋಜನವೇ ಇರಲಿಲ್ಲವೆನ್ನಲಾಗದು. ಚಳಿಗಾಲದ ತೇವಭರಿತ ಹವೆಯಲ್ಲಿ ನಾರಿನ ನವುರಾದ ಎಳೆಗಳು ಒಣಗಿ ತುಂಡಾಗುವುದಿಲ್ಲ. ಆದ್ದರಿಂದ ಹೆಂಗಸರು ಆ ತಿಂಗಳುಗಳಲ್ಲಿಯೇ ನೂಲನ್ನು ಸೀಳಿ, ಹೊಸೆದು, ನೆಯ್ಯುತ್ತಿದ್ದರು. ವಸಂತದ ಆರಂಭದಲ್ಲಿ ಬಟ್ಟೆಯನ್ನು ಹಿಮದ ಮೇಲೆ ಹಾಸಿದರೆ ಬಿಸಿಲೂ ಕರಗುವ ಹಿಮವೂ ಕೂಡಿ ಅದನ್ನು ಬೆಳ್ಳಗೆ ಮಾಡುತ್ತಿದ್ದವು. 2009ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆದರೆ ಇದನ್ನು ಕಂಡು ಹಿಮವೇ ಆ ಜನರನ್ನು ಸಹನಶೀಲರನ್ನಾಗಿಯೂ ಕುಶಲರನ್ನಾಗಿಯೂ ಮಾಡಿತೆಂದು ಸಾರುವುದು ಚರಿತ್ರೆಯಲ್ಲ, ಸ್ತುತಿ. ಆ ಬಟ್ಟೆಯನ್ನು ನೆಯ್ದವರು ಅದನ್ನು ಉಡುವಷ್ಟು ಸ್ಥಿತಿವಂತರಾಗಿರಲಿಲ್ಲ. ಬೇಸಗೆಯ ಉಡುಪಿಗೆಂದು ಅದು ಪರ್ವತದಾಚೆಯ ಶ್ರೀಮಂತರಿಗೆ ಹೋಗುತ್ತಿತ್ತು. ಗಂಡಸರಲ್ಲಿ ಅನೇಕರು ಚಳಿಗಾಲದ ಕೂಲಿಯನ್ನರಸಿ ಮನೆಬಿಟ್ಟು ಪರಸ್ಥಳಗಳಿಗೆ ತೆರಳುತ್ತಿದ್ದರು. ಬೊಕುಷಿಯ ಗ್ರಂಥದಲ್ಲಿಯೇ, ಕೂಸನ್ನು ತವರಿಗೆ ತೋರಿಸಲು ಹೊರಟ ಎಳೆಯ ದಂಪತಿಗಳು ಹಿಮಗಾಳಿಗೆ ಸಿಕ್ಕಿ ಮಡಿದು ಕೂಸು ಮಾತ್ರ ಬದುಕಿದ ವೃತ್ತಾಂತವಿದೆ.

ಮೇಜಿ ಯುಗದಲ್ಲಿ (1868-1912) ಕೇಂದ್ರೀಕೃತವಾದ ಆಧುನಿಕ ರಾಜ್ಯವು ಸ್ಥಾಪಿತವಾಯಿತು. ಅದರ ನಿಯಮಗಳು ದೇಶಕ್ಕೆಲ್ಲ ಒಂದೇ. 1873ರ ಭೂಕಂದಾಯ ಸುಧಾರಣೆಯಂತೆ ಭೂಮಿಯ ಬೆಲೆಯ ಶೇಕಡ 3 ಭಾಗವನ್ನು ನಗದಾಗಿ ಸಲ್ಲಿಸಬೇಕಾಯಿತು. 1877ರಲ್ಲಿ ಅದನ್ನು ಶೇಕಡ 2.5ಕ್ಕೆ ಇಳಿಸಲಾಯಿತು. ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮದಡಿ ಮಲಗಿರುವ ಗದ್ದೆಗೂ, ಚಳಿಗಾಲದಲ್ಲಿ ಎರಡನೆಯ ಬೆಳೆ ತೆಗೆಯಬಹುದಾದ ಗದ್ದೆಗೂ ದರದಲ್ಲಿ ಭೇದವಿರಲಿಲ್ಲ. ಸ್ಥಳೀಯವಾದ ಅರಿವಿಗೆ ದೂರವಾದ ಆಡಳಿತದಿಂದ ಎಂತಹ ಅನಾಹುತವಾಗಬಹುದೆಂಬುದಕ್ಕೆ ಎಚಿಗೊದ ಹೊರಗಿನ ಒಂದು ಉದಾಹರಣೆಯನ್ನು ಕೊಡಬಹುದು. 1902ರ ಜನವರಿಯಲ್ಲಿ ಅಓಮೊರಿಯಿಂದ ಹಕ್ಕೋದ ಪರ್ವತಕ್ಕೆ ಹಿಮದ ಕವಾಯತಿಗೆ ಹೊರಟ ಸೇನೆಯ 5ನೆಯ ರೆಜಿಮೆಂಟಿನ 210 ಮಂದಿಯಲ್ಲಿ 199 ಮಂದಿ ಮರಣಹೊಂದಿದರು. ಅದೇ ದಿನಗಳಲ್ಲಿ ಹಿರೊಸಾಕಿಯಿಂದ ಹೊರಟ ಚಿಕ್ಕ ತುಕಡಿಯೊಂದು ಹಳ್ಳಿಯವರನ್ನು ದಾರಿತೋರುವವರನ್ನಾಗಿ ಕರೆದುಕೊಂಡು ಆ ಪರ್ವತವನ್ನು ದಾಟಿತು. ತಂಡದ ಗಾತ್ರ, ಉಡುಪು, ಸಿದ್ಧತೆ ಮೊದಲಾದ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಆದರೂ ಹಳ್ಳಿಯವರ ತಿಳಿವಳಿಕೆಯ ಬೆಲೆಯನ್ನು ಈ ಹೋಲಿಕೆ ತೋರಿಸದೆ ಇರದು.

ರೈಲುಮಾರ್ಗವು ಎಚಿಗೊವನ್ನು ರಾಜಧಾನಿಗೆ ಸಮೀಪಗೊಳಿಸಿತು. ಆದರೆ ಹಳಿಗಳನ್ನು ತೆರವಾಗಿಡುವ ಹೊಸ ದುಡಿಮೆಯೂ ಅದರೊಡನೆ ಬಂದಿತು. 1922ರ ಫೆಬ್ರವರಿ 3ರಂದು, ಹಿಮ ತೆಗೆಯುವ ಕೆಲಸ ಮುಗಿಸಿ ಹಿಂದಿರುಗುತ್ತಿದ್ದ ಹಳ್ಳಿಗರಿದ್ದ ರೈಲಿನ ಮೇಲೆ ಒಯಾಷಿರಾಜು ಕಡಲದಡದ ಬಳಿ ಹಿಮಪ್ರವಾಹವು ಕುಸಿದು 90 ಮಂದಿ ಸತ್ತರು. ಹಿಮದ ಹೊರೆಯು ಮನೆಯ ಮಾಡಿನಿಂದ ರಾಷ್ಟ್ರದ ಮಾರ್ಗಕ್ಕೆ ವಿಸ್ತರಿಸಿದರೂ ಅದರಡಿ ನಿಂತವರು ಅದೇ ಹಳ್ಳಿಗರೆಂಬುದನ್ನು ಇಲ್ಲಿ ಕಾಣುತ್ತೇವೆ.

ಈ ಅನ್ಯಾಯಕ್ಕೆ ರಾಜಕೀಯ ಭಾಷೆಯನ್ನು ಕೊಟ್ಟವನು ನೆರೆಯ ಯಾಮಾಗಾತ ಪ್ರಾಂತದ ಪಾರ್ಲಿಮೆಂಟು ಸದಸ್ಯನಾದ ಮತ್ಸುಓಕ ತೋಷಿಜೊ. ಪ್ರವಾಹ, ಭೂಕಂಪಗಳು ವಿಪತ್ತುಗಳೆನಿಸುವುದಾದರೆ, ವರ್ಷವರ್ಷವೂ ಬಂದು ಮನೆಯನ್ನೂ ದಾರಿಯನ್ನೂ ದುಡಿಮೆಯನ್ನೂ ಸವೆಸುವ ಹಿಮವೂ ವಿಪತ್ತೇ ಎಂಬ ನೆಲೆಯಲ್ಲಿ ಅವನು 1920ರ ದಶಕದ ಉತ್ತರಾರ್ಧದಿಂದ ಚಳವಳಿಯನ್ನು ನಡೆಸಿದನು. ವಿಪತ್ತು ಎಂದರೆ ಅಕಸ್ಮಾತ್ತಾಗಿ ಬರತಕ್ಕದ್ದೆಂಬ ರೂಢಿಯ ಕಲ್ಪನೆಯನ್ನು ಈ ವಾದವು ಪ್ರಶ್ನಿಸಿತು. ಅದರ ಫಲವಾಗಿ 1933ರಲ್ಲಿ ಹಿಮಸೀಮೆಯ ಗ್ರಾಮಗಳ ಆರ್ಥಿಕ ಸ್ಥಿತಿಯನ್ನು ಶೋಧಿಸುವ ಸರಕಾರೀ ಸಂಸ್ಥೆಯೊಂದು ಯಾಮಾಗಾತದ ಷಿಂಜೋ ಪಟ್ಟಣದಲ್ಲಿ ಸ್ಥಾಪಿತವಾಯಿತು. ಕುಟುಂಬದ ದೈವವೆನಿಸಿದ್ದುದು ಈಗ ರಾಜ್ಯದ ಲೆಕ್ಕಪತ್ರದೊಳಗೆ ಬಂದಿತು.

ಯುದ್ಧಾನಂತರ ಈ ವಿಚಾರವು ಶಾಸನದ ರೂಪವನ್ನು ತಳೆಯಿತು. 1956ರ ಶಾಸನವು ಹಿಮಸೀಮೆಯ ಮುಖ್ಯ ರಸ್ತೆಗಳನ್ನು ಚಳಿಗಾಲದಲ್ಲಿ ತೆರೆದಿಡುವ ಕಾರ್ಯಕ್ಕೆ ರಾಜ್ಯದ ನೆರವನ್ನು ವಿಧಿಸಿತು. 1962ರಲ್ಲಿ ಅತಿಹಿಮ ಪ್ರದೇಶಗಳಿಗೆ ವಿಶೇಷ ಶಾಸನವಾಯಿತು. ಅದರ ವ್ಯಾಪ್ತಿಗೆ ದೇಶದ ಭೂವಿಸ್ತಾರದ ಸುಮಾರು ಅರ್ಧ ಭಾಗ ಬಂದಿದೆ. ಶಾಸನವಾದ ಮರುವರ್ಷವೇ ಪರೀಕ್ಷೆ ಒದಗಿತು. 1963ರ ಜನವರಿಯ ಮಹಾಹಿಮದಲ್ಲಿ ನಾಗಾಓಕ ನಗರದಲ್ಲಿ 318 ಸೆಂಟಿಮೀಟರು ಹಿಮ ನಿಂತಿತು. ದೇಶದಲ್ಲಿ 228 ಮಂದಿ ಸತ್ತರು. ಜನವರಿ 23ರಂದು ನೀಗಾತದಿಂದ ಹೊರಟ ವೇಗದ ರೈಲೊಂದು ಟೋಕಿಯೊ ನಗರದ ಉಎನೊ ನಿಲ್ದಾಣವನ್ನು ಮುಟ್ಟಿದ್ದು 28ರಂದು.

ಅನಂತರದ ಕಾಲವು ಯಂತ್ರೋಪಾಯಗಳದು. ನಾಗಾಓಕದಲ್ಲಿ 1961ರಿಂದ ರಸ್ತೆಯ ನಡುವೆ ಕೊಳವೆಗಳನ್ನು ಹೂತು, ಚಳಿಗಾಲದಲ್ಲಿಯೂ 13-14 ಡಿಗ್ರಿಯಷ್ಟು ಬೆಚ್ಚಗಿರುವ ಅಂತರ್ಜಲವನ್ನು ಚಿಮ್ಮಿಸಿ ಹಿಮವನ್ನು ಕರಗಿಸುವ ವಿಧಾನವು ಹರಡಿತು. 1982ರಲ್ಲಿ ಪರ್ವತವನ್ನು 22 ಕಿಲೋಮೀಟರಿಗೂ ಉದ್ದವಾದ ಸುರಂಗದಿಂದ ದಾಟುವ ಅತಿವೇಗದ ರೈಲುಮಾರ್ಗ ಆರಂಭವಾಯಿತು. ಅದರ ಹಳಿಗಳಿಗೂ ನೀರು ಸಿಂಪಡಿಸುವ ಏರ್ಪಾಡಿದೆ. ಈ ಸಾಧನೆ ಅಲ್ಪವಾದದ್ದಲ್ಲ. ಆದರೆ ಅಂತರ್ಜಲವನ್ನು ಅತಿಯಾಗಿ ಎತ್ತಿದ ಕಡೆಗಳಲ್ಲಿ ನೆಲವೇ ಕುಸಿಯತೊಡಗಿತು. ತೆರೆದ ದಾರಿಯು ಸರಕನ್ನು ಒಳಕ್ಕೆ ತಂದಂತೆ ತರುಣರನ್ನು ಹೊರಕ್ಕೂ ಒಯ್ದಿತು. ಹಿಂದೆ ಚಳಿಗಾಲಕ್ಕೆ ಹೋಗಿ ವಸಂತಕ್ಕೆ ಮರಳುತ್ತಿದ್ದವರಲ್ಲಿ ಅನೇಕರು ಮಹಾನಗರಗಳಲ್ಲಿಯೇ ನೆಲೆಸಿದರು.

ಇದರ ಪರಿಣಾಮವು 2005-06ರ ಚಳಿಗಾಲದಲ್ಲಿ ಸ್ಪಷ್ಟವಾಯಿತು. ಆ ವರ್ಷ ನೀಗಾತದ ತ್ಸುನಾನ್‌ನಲ್ಲಿ 416 ಸೆಂಟಿಮೀಟರು ಹಿಮ ನಿಂತಿತು. ದೇಶದಲ್ಲಿ 152 ಮಂದಿ ಸತ್ತರು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ವರ್ಷ ಮೀರಿದವರು. ಹೆಚ್ಚಿನ ಮರಣಗಳು ಮಾಡಿನಿಂದ ಹಿಮವನ್ನು ಇಳಿಸುವುದೇ ಮೊದಲಾದ ಕೆಲಸಗಳಲ್ಲಿ ಸಂಭವಿಸಿದುವು. ರಸ್ತೆ ತೆರೆದಿತ್ತು, ರೈಲು ಓಡುತ್ತಿತ್ತು. ಮಾಡನ್ನು ಹತ್ತುವುದಕ್ಕೆ ಮಾತ್ರ ಮನೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಈ ವಿವರಗಳಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಹಿಮದ ಆಳವೊಂದರಿಂದಲೇ ಅದರ ಹಾನಿಯನ್ನು ಅಳೆಯಲಾಗದು. ಅದನ್ನು ತೆಗೆಯುವ ದುಡಿಮೆ ಮನೆ, ಪೇಟೆ, ರಾಜ್ಯಗಳ ನಡುವೆ ಹೇಗೆ ಹಂಚಿಕೆಯಾಗಿದೆ ಎಂಬುದನ್ನೂ ಅದರೊಡನೆ ನೋಡಬೇಕು. ಎರಡನೆಯದಾಗಿ, ರಾಜ್ಯವು ಹೊರೆಯ ಪಾಲನ್ನು ವಹಿಸಿಕೊಂಡಿತೆಂಬ ಮಾತ್ರಕ್ಕೆ ನೆರೆಹೊರೆಯ ಪಾಲು ಅನಾವಶ್ಯಕವಾಗುವುದಿಲ್ಲ. ರಸ್ತೆಯನ್ನು ಶಾಸನ ತೆರೆಯಬಲ್ಲುದು; ಮುದುಕರಿಬ್ಬರಿರುವ ಮನೆಯ ಮಾಡಿನ ಮೇಲೆ ಹಿಮ ಹೆಚ್ಚಾಗಿದೆಯೆಂಬುದು ಮೊದಲು ಕಾಣುವುದು ಪಕ್ಕದ ಮನೆಯವನಿಗೆ. ಪಕ್ಕದ ಮನೆ ಬರಿದಾದ ಹಳ್ಳಿಗಳಲ್ಲಿ ಆ ಸ್ಥಾನವನ್ನು ಯಾರು ತುಂಬಬೇಕೆಂಬ ಪ್ರಶ್ನೆಯನ್ನು ಜಪಾನಿನ ಹಿಮಸೀಮೆಯು ಇಂದು ಎದುರಿಸುತ್ತಿದೆ. ಪ್ರಕೃತಿಯ ವಿಪತ್ತುಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು, ಅದು ಯಾವ ನಾಡಿನದೇ ಆಗಿರಲಿ, ಮಳೆ, ಹಿಮ, ಪ್ರವಾಹಗಳ ಅಂಕಿಅಂಶಗಳ ಪಕ್ಕದಲ್ಲಿ ಕಂದಾಯದ ಲೆಕ್ಕವನ್ನೂ ವಲಸೆಯ ಲೆಕ್ಕವನ್ನೂ ಇಟ್ಟು ಓದುವುದು ಅವಶ್ಯಕ.