ಕೊಡಗಿನ ಕ್ರೈಸ್ತ ಪರಂಪರೆಯಲ್ಲಿ ಅಂತರಂಗದ ಆಭರಣ

ಹೊಸ ಒಡಂಬಡಿಕೆಯ ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವು ಜಡೆ, ಚಿನ್ನ, ಉಡುಪುಗಳ ಹೊರಗಿನ ಅಲಂಕಾರಕ್ಕಿಂತ ಹೃದಯದೊಳಗೆ ಮರೆಯಾಗಿರುವ ಸಾತ್ವಿಕ ಶಾಂತಗುಣವನ್ನೇ ದೇವರು ಬೆಲೆಯುಳ್ಳದ್ದೆಂದು ಎಣಿಸುತ್ತಾನೆ ಎಂದು ಬೋಧಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನವರ ಅನುವಾದದ ಮೂಲಕ ಈ ಬೋಧನೆ ಕನ್ನಡಕ್ಕೆ ಬಂದಾಗ ಅದು ತೀರ ಅಪರಿಚಿತವಾಗಿರಲಿಲ್ಲ. ಶರಣರ ಅಂತರಂಗಶುದ್ಧಿಯ ಕಲ್ಪನೆ, ದಾಸರ ಡಂಭಾಚಾರ ಖಂಡನೆ ಇವೆರಡೂ ಅದಕ್ಕೆ ನೆಲವನ್ನು ಹದಗೊಳಿಸಿದ್ದವು. ಈ ಆದರ್ಶ ಕೊಡಗಿನಲ್ಲಿ ಯಾವ ಸನ್ನಿವೇಶಗಳಲ್ಲಿ ಪರೀಕ್ಷೆಗೆ ಒಳಗಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಜೋಮಾಲೆ, ಕೊಕ್ಕೆತಾತಿ, ಪೀಚೆಕತ್ತಿಗಳು ಒಕ್ಕದ ಗೌರವವನ್ನೇ ಸಾರುವ ಈ ನಾಡಿನಲ್ಲಿ ಆಭರಣವೆಂಬುದು ಕೇವಲ ಸೊಗಸಿನ ವಸ್ತುವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಕೊಡಗಿನಲ್ಲಿ ನೆಲೆಗೊಂಡ ಮೊದಲ ಕ್ರೈಸ್ತ ಸಮುದಾಯ ಬರಿಗೈಯಲ್ಲಿ ಬಂದದ್ದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳು ದೇಶಭ್ರಷ್ಟರಾದರು. ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಆಶ್ರಯವಿತ್ತ ದೊಡ್ಡವೀರರಾಜೇಂದ್ರನು ತಾನೂ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ಪಾರಾದವನೇ. 1792ರಲ್ಲಿ ಅವನು ಕಟ್ಟಿಸಿದ ವಿರಾಜಪೇಟೆಯಲ್ಲಿ ಅವರಿಗೆ ನೆಲ ದೊರೆತು ಸಂತ ಅನ್ನಮ್ಮನವರ ಇಗರ್ಜಿ ಮೂಡಿತು. ಗಂಟೆ, ಪೀಠ, ಪೂಜಾವಸ್ತ್ರಗಳೊಂದೂ ಇಲ್ಲದ ವರ್ಷಗಳಲ್ಲಿ ಅವರ ವಿಶ್ವಾಸವನ್ನು ಕಾಪಾಡಿದ್ದು ಮನದೊಳಗಿನ ಪ್ರಾರ್ಥನೆಯಲ್ಲದೆ ಬೇರೇನಿರಲು ಸಾಧ್ಯ?

ಇದಕ್ಕೆ ತೀರ ಭಿನ್ನವಾದ ಚಿತ್ರ ರಾಜಕುಮಾರಿ ಗೌರಮ್ಮನದು. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರನು ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ 1852ರಲ್ಲಿ ಲಂಡನ್ನಿಗೆ ಹೋದಾಗ, 1841ರಲ್ಲಿ ಜನಿಸಿದ್ದ ಈ ಮಗಳನ್ನೂ ಕರೆದೊಯ್ದನು. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಕೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ವಿಂಟರ್‌ಹಾಲ್ಟರ್‌ನ ವರ್ಣಚಿತ್ರವೂ ಮರೋಚೆಟ್ಟಿಯ ಶಿಲ್ಪವೂ ಆಭರಣಭೂಷಿತಳಾದ ಗೌರಮ್ಮನನ್ನು ನಮ್ಮ ಮುಂದಿಡುತ್ತವೆ. ಆಕೆ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ವಿವಾಹವಾಗಿ, ಒಬ್ಬ ಮಗಳನ್ನು ಪಡೆದು, 1864ರಲ್ಲಿ ಕ್ಷಯದಿಂದ ತೀರಿಕೊಂಡಳು; ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಆಕೆಯ ಮತಾಂತರ ಸಾಮ್ರಾಜ್ಯದ ಕಿರೀಟಕ್ಕೊಂದು ಒಡವೆಯಾಯಿತು. ಆದರೆ ಅದರಿಂದ ಆಕೆಯ ಅಂತರಂಗ ಬರಿದಾಗಿತ್ತೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅಲಂಕಾರವನ್ನು ಆಯ್ದವರು ಹಿರಿಯರು; ಬಾಲಕಿಗೆ ಆಯ್ಕೆಯೇ ಇರಲಿಲ್ಲ.

ಮೂರನೆಯ ನಿದರ್ಶನ ಅದೇ ದಶಕದ್ದು, ಆದರೆ ಕೊಡಗಿನ ಮಣ್ಣಿನದು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ, 1850ರಲ್ಲಿ ದಾಸರ ಪದಗಳನ್ನು ಪ್ರಕಟಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 1853ರಲ್ಲಿ ಕೊಡಗಿಗೆ ಬಂದರು. ಅವರನ್ನು ಬರಮಾಡಿಕೊಂಡವನು ಸನ್ಯಾಸಿಯಾಗಿದ್ದ ಅಲ್ಮಂಡ ಮನೆತನದ ಸೋಮಯ್ಯ. ದೀಕ್ಷಾಸ್ನಾನದ ಬಳಿಕ ಸ್ತೆಫಾನಸ್ ಸೋಮಯ್ಯನೆನಿಸಿದ ಆತ ಸ್ವಜನರ ಬಹಿಷ್ಕಾರವನ್ನು ಅನುಭವಿಸಿದನು. ಒಕ್ಕವೇ ವ್ಯಕ್ತಿಯ ಗುರುತಾಗಿದ್ದ ಸಮಾಜದಲ್ಲಿ ಇದು ಆಭರಣಗಳನ್ನು ಕಳಚಿಡುವುದಕ್ಕಿಂತ ಬಹಳ ದೊಡ್ಡ ತ್ಯಾಗ. ಆ ದಶಕದ ಉತ್ತರಾರ್ಧದಲ್ಲಿ ಸಿದ್ದಾಪುರದ ಸಮೀಪ ಆನಂದಪುರವೆಂಬ ಹಳ್ಳಿ ತಲೆಯೆತ್ತಿತು. ಅಂದಿನ ದಾಖಲೆಗಳು ಹೊಲೆಯರೆಂದು ಕರೆದ, ತಲೆಮಾರುಗಳಿಂದ ಒಡೆಯರ ಗದ್ದೆಗಳಿಗೆ ಜೀತದಂತೆ ಕಟ್ಟುಬಿದ್ದಿದ್ದ ಕುಟುಂಬಗಳು ಅಲ್ಲಿ ನೆಲೆನಿಂತವು.

ಆನಂದಪುರದ ಸನ್ನಿವೇಶದಲ್ಲಿ ಪೇತ್ರನ ಬೋಧನೆಯ ಅರ್ಥವೇ ಬದಲಾಗುತ್ತದೆ. ಒಡವೆಯುಳ್ಳವರಿಗೆ ಅದು ಸಂಯಮದ ಉಪದೇಶ. ಒಡವೆ ತೊಡುವ ಅಧಿಕಾರವೇ ಇಲ್ಲದವರಿಗೆ ಅದು ಘನತೆಯ ಘೋಷಣೆ. ಹುಟ್ಟು ಕೊಡದ, ಒಡೆಯನು ಕಸಿಯಲಾರದ ಒಂದು ಅಲಂಕಾರ ತಮಗೂ ಉಂಟೆಂಬ ಅರಿವು ಅದರಲ್ಲಿತ್ತು. ಇದೇ ಬೋಧನೆಯನ್ನು ಬಡವರಿಗೆ ತಾಳ್ಮೆಯನ್ನಷ್ಟೇ ಕಲಿಸಲು ಬಳಸುವ ಅಪಾಯವೂ ಉಂಟು. ಆದರೆ ಆನಂದಪುರದಲ್ಲಿ ಬೋಧನೆಯ ಜೊತೆಗೆ ನಿಲ್ಲಲು ನೆಲವೂ ದೊರೆತದ್ದರಿಂದ ಅದು ಬರಿಯ ಸಾಂತ್ವನದ ಮಾತಾಗಿ ಉಳಿಯಲಿಲ್ಲ.

ಇತಿಹಾಸದ ಆಕರಗಳು ರಾಜಕುಮಾರಿಯ ಕಂಠಾಭರಣವನ್ನು ಚಿತ್ರಸಹಿತ ಉಳಿಸಿಕೊಂಡಿವೆ. ಆನಂದಪುರದ ಮೊದಲ ತಲೆಮಾರಿನ ತಾಯಂದಿರಿಗೆ ಅಂಥ ಚಿತ್ರಗಾರರು ಇರಲಿಲ್ಲ. ಅಂತರಂಗದ ಪಾವಿತ್ರ್ಯವು ಸ್ವಭಾವತಃ ದಾಖಲೆಗೆ ಸಿಗುವಂಥದಲ್ಲ. ಆದುದರಿಂದ ಕೊಡಗಿನ ಕ್ರೈಸ್ತ ಚರಿತ್ರೆಯನ್ನು ಬರೆಯುವವರು ಅರಮನೆಯ ಸಮಾರಂಭಕ್ಕೆ ಕೊಟ್ಟಷ್ಟೇ ಗಮನವನ್ನು ವಿರಾಜಪೇಟೆಯ ನಿರಾಶ್ರಿತರಿಗೂ ಆನಂದಪುರದ ದುಡಿಯುವ ಕೈಗಳಿಗೂ ಕೊಡುವುದು ಅವಶ್ಯ.